ಫ್ಯಾನ್ ಹಾಕುವ ಸಾಲು

ಜಾವಾಸ್ಕ್ರಿಪ್ಟಿನಲ್ಲಿ ಪ್ರೋಗ್ರಾಂ ಬರೆಯುವಾಗ ‘ಇಲ್ಲಿಗೆ ಬಂತು’, ‘ಬಿಸಿ ಇಷ್ಟು’ ಎಂದು ನಮಗೇ ತಿಳಿಸುವ ಪರೀಕ್ಷೆಯ ಸಾಲುಗಳನ್ನು ಸೇರಿಸಿಕೊಳ್ಳುತ್ತೇವೆ. ಬಳಸುವವರಿಗೆ ಕೊಡುವ ಪ್ರತಿಯಲ್ಲಿ ಅವು ಇರಬಾರದು. ಆ ಪ್ರತಿ ಸಿದ್ಧವಾಗುವಾಗ ಅವೆಲ್ಲ ತಾವಾಗಿ ಕಿತ್ತುಹೋಗುವ ಏರ್ಪಾಡು ಮಾಡಿಕೊಂಡು ನಾನು ಬೀಗುತ್ತಿದ್ದೆ.

ಕೈಲಾಂಚದ ನನ್ನ ಚಿಕ್ಕವ್ವ ರೇಷ್ಮೆಹುಳು ಮೇಯಿಸುತ್ತಾಳೆ. ಶೀಟು ಹೊದಿಸಿದ ಅವಳ ಹುಳುಮನೆಗೆ ಪುಟ್ಟ ಕಂಪ್ಯೂಟರೊಂದನ್ನು ಹಾಕಿಕೊಟ್ಟಿದ್ದೆ. ಒಳಗೆ ಬಿಸಿ ಏರಿದರೆ ಅದೇ ಫ್ಯಾನ್ ಹಾಕಿ, ಅವಳ ಫೋನಿಗೆ ‘ಓಡುತ್ತಿದೆ’ ಎಂದು ತಿಳಿಸಬೇಕು. ಹುಳು ಇರುವಾಗ, ರೋಗ ತಗಲೀತೆಂದು, ಚಿಕ್ಕವ್ವ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಸ್ವಂತ ಅಕ್ಕನ ಮಗಳಾದರೂ ಹೊರಗಿನವಳೇ. ಹಾಗಾಗಿ ಮುಂದಿನ ತಿದ್ದುಪಡಿಯೆಲ್ಲ ರಾಮನಗರದ ನನ್ನ ಮನೆಯಿಂದಲೇ.

ಆ ಸಲದ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತವು. ಜ್ವರವೆಂದರೆ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗದೆ ಕೂತು ಪೊರೆ ಕಳಚುವ ಸಮಯ. ಆಗ ಬಾಗಿಲು ತೆಗೆದು ಅವನ್ನು ಕದಲಿಸಬಾರದು ಅನ್ನುವುದು ಚಿಕ್ಕವ್ವನ ನೇಮ. ಅಂದೇ ಬೆಳಿಗ್ಗೆ, ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ ಹಾಗೆ, ಪರೀಕ್ಷೆಯ ಸಾಲು ಕಿತ್ತ ಹೊಸ ಪ್ರತಿಯನ್ನು ಕಳಿಸಿದೆ.

ಮಧ್ಯಾಹ್ನ ಚಿಕ್ಕವ್ವ ಫೋನು ಮಾಡಿದಳು. “ಫ್ಯಾನ್ ಸದ್ದೇ ಕೇಳ್ತಿಲ್ವಲ್ಲವ್ವ. ಬಾಗ್ಲು ಒಸಿ ತೆಗುದು ನೋಡ್ಲಾ?”

“ಫೋನಲ್ಲಿ ಏನಂತ ಬಂದೈತೆ?”

“ಓಡ್ತಾ ಐತೆ ಅಂತ.”

“ಹಂಗಾದ್ರೆ ಓಡ್ತಾ ಐತೆ ಚಿಕ್ಕವ್ವ. ಬಾಗ್ಲು ತೆಗೀಬ್ಯಾಡ.”

ನನ್ನ ದನಿಯಲ್ಲಿ ಅಸಹನೆಯಿತ್ತು. ನೆನೆದರೆ ಈಗಲೂ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಊಟಕ್ಕೆ ಕೂತಾಗ, ಸದ್ದಿಲ್ಲ ಅಂದ ಅವಳ ಮಾತು ಮತ್ತೆ ನೆನಪಾಯಿತು. ಎದ್ದು ಹಳೆಯ ಪ್ರತಿ, ಹೊಸ ಪ್ರತಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಹೊಸದರಲ್ಲಿ ಫ್ಯಾನ್ ಹಾಕುವ ಆಜ್ಞೆಯೇ ಇರಲಿಲ್ಲ. ಸೋಮಾರಿತನದಿಂದ ಅದನ್ನು ಪರೀಕ್ಷೆಯ ಸಾಲಿನೊಳಗೇ ಬರೆದಿದ್ದೆ. ಆ ಸಾಲಿನ ಜೊತೆ ಅದೂ ಹೋಗಿತ್ತು. ‘ಓಡುತ್ತಿದೆ’ ಎನ್ನುವ ಸಾಲು ಮಾತ್ರ ಗಟ್ಟಿಯಾಗಿ ಕೂತಿತ್ತು.

ಹಳೆಯ ಪ್ರತಿಯನ್ನೇ ಮತ್ತೆ ಕಳಿಸಿ ಫೋನು ಮಾಡಿದರೆ ಚಿಕ್ಕವ್ವ ಎತ್ತಲಿಲ್ಲ. ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಬಿಸಿಲು, ಒಂದೆಲೆಯೂ ಅಲುಗುತ್ತಿರಲಿಲ್ಲ. ತೋಟದಿಂದ ಆಗಷ್ಟೇ ಬಂದ ಚಿಕ್ಕವ್ವ ಸೊಪ್ಪಿನ ಹೊರೆ ಇಳಿಸುತ್ತಿದ್ದಳು. ಜ್ವರ ಬಿಟ್ಟೇಳುವ ಹುಳುವಿಗೆ ಹಸಿವು ಜಾಸ್ತಿಯೆಂದು ಮೊದಲೇ ತಂದದ್ದು. ನನ್ನ ಮುಖ ನೋಡಿದವಳೇ ಬಾಗಿಲು ತೆಗೆದಳು. ಫ್ಯಾನ್ ಈಗ ಓಡುತ್ತಿದ್ದರೂ ಒಳಗಿನ ಸೆಕೆ ಮುಖಕ್ಕೆ ಹೊಡೆಯಿತು. ಅಂದು ಮಾತ್ರ ಅವಳು ನನ್ನನ್ನು ಹೊರಗೆ ನಿಲ್ಲು ಅನ್ನಲಿಲ್ಲ.

ಜ್ವರಕ್ಕೆ ಕೂತ ಹುಳುವಿಗೂ ಸತ್ತ ಹುಳುವಿಗೂ ನನ್ನಂಥವಳಿಗೆ ನೋಡಲು ವ್ಯತ್ಯಾಸ ತಿಳಿಯದು. ಚಿಕ್ಕವ್ವ ಒಂದನ್ನು ಬೆರಳಿಂದ ಮುಟ್ಟಿದಳು. ಮೆತ್ತಗೆ ಮಗುಚಿಕೊಂಡಿತು. ಇನ್ನೊಂದನ್ನು ಮುಟ್ಟಿದಳು. ಆಮೇಲೆ ಮುಟ್ಟುವುದನ್ನೇ ಬಿಟ್ಟಳು.

“ನನ್ ಕಿವೀನೇ ಮಂದ ಆಗೈತೆ ಅಂದ್ಕಂಡು ಸುಮ್ನಾಗ್ಬುಟ್ಟೆ ಕಣವ್ವ” ಅಂದಳು.