ಬಾಯಾರ ಹಣೆಯ ಮೇಲಿನ ಖಡು

ಅವರ ಹಣೆಯ ಮೇಲೆ ಯಾವಾಗಲೂ ಖಡುವಿನ, ಅಂದರೆ ಸೀಮೆಸುಣ್ಣದ, ಗುರುತು ಇರುತ್ತಿತ್ತು. ಕರಿಹಲಗೆಯ ಮೇಲೆ ಬರೆಯುತ್ತ ಬೆವರು ಬಂದರೆ ಅದೇ ಕೈಯಿಂದ ಒರೆಸಿಕೊಳ್ಳುವ ಅಭ್ಯಾಸ. ಎಡಹುಬ್ಬಿನಿಂದ ಹೊರಟು ತಲೆಗೂದಲ ತನಕ ಒಂದು ಬಿಳಿ ಪಟ್ಟೆ. ಅದನ್ನು ಬಿಟ್ಟರೆ ಆ ಹಣೆಯ ಮೇಲೆ ಕುಂಕುಮವೂ ಇಲ್ಲ, ಟಿಕಲಿಯೂ ಇಲ್ಲ.

ಶಿಕ್ಷಕಿಯರಿಗೆ ನಮ್ಮ ಕಡೆ ಬಾಯಾರು ಎನ್ನುತ್ತೇವೆ. ಮೈಂದರ್ಗಿಯಿಂದಾಚೆಗಿನ ನಮ್ಮ ಸಣ್ಣ ಹಳ್ಳಿಯ ಕನ್ನಡ ಶಾಲೆಗೆ ಈ ಬಾಯಾರು ಬಂದಾಗ ನಾನು ಆರನೆಯ ಇಯತ್ತೆಯಲ್ಲಿದ್ದೆ. ಊರಿನ ಹಿರಿಯರು ಆ ಬಿಳಿ ಪಟ್ಟೆಯನ್ನು ದೂರದಿಂದ ನೋಡಿ ವಿಭೂತಿಯೆಂದುಕೊಂಡು, ನಮ್ಮ ಪೈಕಿಯವರೇ ಎಂದು ಖುಷಿಪಟ್ಟರು. ಅದು ಖಡು ಎಂದು ಗೊತ್ತಾದ ಮೇಲೆ ಆ ಖುಷಿ ಅನುಮಾನಕ್ಕೆ ತಿರುಗಿತು. ಬೇರೆ ಜಾತಿಯವರಿರಬೇಕು ಎಂದರು ಕೆಲವರು, ಗಂಡ ತೀರಿರಬೇಕು ಎಂದರು ಇನ್ನು ಕೆಲವರು. ಗಂಡ ಗಟ್ಟಿಮುಟ್ಟಾಗಿದ್ದರು. ದೊಡ್ಡ ದೈವಭಕ್ತರು ಬೇರೆ. ಪ್ರತಿ ಗುರುವಾರ ಸೊಲ್ಲಾಪುರದಿಂದ ಅಕ್ಕಲಕೋಟೆಯ ದರ್ಶನಕ್ಕೆ ಹೊರಡುತ್ತಿದ್ದರು, ಬಾಯಾರು ಬರುವ ಅದೇ ಎಸ್.ಟಿ. ಬಸ್ಸಿನಲ್ಲಿ. ಕುಂಭಾರಿ, ವಳಸಂಗ ದಾಟಿ ಅಕ್ಕಲಕೋಟೆ ಬಂದರೆ ಗಂಡ ಇಳಿದು ಗುಡಿಗೆ, ಹೆಂಡತಿ ಬಸ್ಸು ಬದಲಿಸಿ ನಮ್ಮ ಶಾಲೆಗೆ. ಅವರ ಉಪವಾಸದ ಸಾಬುದಾಣಿ ಖಿಚಡಿಯನ್ನು ಡಬ್ಬಿಗೆ ತುಂಬಿಕೊಡುತ್ತಿದ್ದವರೂ ಬಾಯಾರೇ.

"ಅವರದು ದೇವರ ಡ್ಯೂಟಿ, ನಂದು ಸರಕಾರದ ಡ್ಯೂಟಿ. ಎರಡೂ ಒಂದ ಬಸ್ಸಿನ್ಯಾಗ ನಡೀತಾವ" ಎಂದು ನಗುತ್ತಿದ್ದರು.

ಬಾಯಾರ ಅಪ್ಪ ಸೊಲ್ಲಾಪುರದ ಬಟ್ಟೆ ಮಿಲ್ಲಿನಲ್ಲಿದ್ದವರು. ಮಿಲ್ಲು ಮುಚ್ಚಿ ಬಹಳ ಕಾಲವಾಗಿದ್ದರೂ ಮಗಳ ಬಾಯಿಂದ ಅದರ ಭೋಂಗಾ, ಪಾಳಿ ಸಾರುವ ಸೈರನ್ನು, ಹೋಗಿರಲಿಲ್ಲ. ಶಾಲೆಯ ಗಂಟೆ ಬಾರಿಸಿದರೆ ಸಾಕು, "ಭೋಂಗಾ ಆತು, ಒಳಗ ನಡೀರಿ" ಎನ್ನುವರು. ನಮ್ಮ ಊರಲ್ಲಿ ಕೆಲವರು ಇವತ್ತಿಗೂ ಶಾಲೆಯ ಗಂಟೆಗೆ ಭೋಂಗಾ ಎಂದೇ ಅನ್ನುವುದು ಅವರಿಂದ ಬಂದ ರೂಢಿ.

ಬಂದ ವರ್ಷವೇ ಒಂದು ಗದ್ದಲ ಮಾಡಿಕೊಂಡರು. ನಮ್ಮ ವರ್ಗದಲ್ಲಿ ಕರಿಹಲಗೆಯ ಮೇಲ್ಗಡೆ ದೇವರ ಫೋಟೋಗಳ ಸಾಲು ಇತ್ತು. ಯಾರ ಮನೆಯಲ್ಲಿ ಮದುವೆಯಾಗಲಿ, ಮಗು ಹುಟ್ಟಲಿ, ಶಾಲೆಗೊಂದು ಫೋಟೋ ಕೊಡುವುದು ನಮ್ಮೂರಿನ ದೊಡ್ಡಸ್ತಿಕೆ. ಕೆಳಗೆ ಕೊಟ್ಟವರ ಹೆಸರು ದಪ್ಪಕ್ಷರದಲ್ಲಿ. ಗೋಡೆ ತುಂಬಿ ಫೋಟೋಗಳು ಹಲಗೆಯ ಮೇಲೇ ಇಳಿದಿದ್ದವು. ಭಾಗಾಕಾರದ ಲೆಕ್ಕದ ಮೇಲೆ ಚೆಂಡುಹೂವಿನ ಎಸಳು ಉದುರುತ್ತಿದ್ದವು. ಬಾಯಾರು ಯಾವ ಫೋಟೋವನ್ನೂ ಮೂಲೆಗೆ ಹಾಕಲಿಲ್ಲ. ಒಂದು ಶನಿವಾರ ಎಲ್ಲವನ್ನೂ ಒರೆಸಿ, ಹಳೆ ಸೀರೆಯಲ್ಲಿ ಸುತ್ತಿಕೊಂಡು, ಕೊಟ್ಟವರ ಮನೆಮನೆಗೆ ಹೋದರು.

"ನಿಮ್ಮ ದೇವರು ನಿಮ್ಮ ಮನ್ಯಾಗ ಇರಲಿರಿ. ಸಾಲಿ ಎಲ್ಲಾರದು. ಮತ್ತ ಅಲ್ಲಿ ಹಲಿಗಿ ಕಾಣವಲ್ದು."

ಸಿಟ್ಟಿಗೆದ್ದವರು ಬಹಳ. ಆದರೆ ಮನೆಬಾಗಿಲಿಗೆ ಬಂದ ದೇವರನ್ನು ಒಲ್ಲೆ ಅನ್ನುವುದು ಹೇಗೆ? ಬೈಯುತ್ತಲೇ ಒಳಗೆ ಕರೆದುಕೊಂಡರು, ಬಾಯಾರಿಗೆ ಚಹಾ ಕೊಟ್ಟರು. ಗೋಡೆಯಲ್ಲಿ ಮೊಳೆಗಳು ಮಾತ್ರ ಉಳಿದವು. ನಾವು ಅವಕ್ಕೆ ಭೂಪಟ ನೇತುಹಾಕಿದೆವು.

ಇನ್ನು ನಮ್ಮ ಅವ್ವನ ವಿಷಯ ಹೇಳಬೇಕು, ಇಲ್ಲವಾದರೆ ಬಾಯಾರ ವಿಷಯ ಪೂರ್ತಿಯಾಗುವುದಿಲ್ಲ. ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಕುರಿ ಸಾಕುವ ಮನೆತನ ನಮ್ಮದು, ಅಪ್ಪನ ತಮ್ಮ ಕಾಕಾನೇ ಯಜಮಾನ. ಅವ್ವ ಶಾಲೆಯ ಹಿಂದಿನ ತಗಡಿನ ಪತ್ರಾದ ಕೋಣೆಯಲ್ಲಿ ಮಕ್ಕಳಿಗೆ ಖಿಚಡಿ ಬೇಯಿಸುತ್ತಿದ್ದಳು. ಇಡೀ ಶಾಲೆ ಅವಳ ಕೈಯಡುಗೆ ಉಣ್ಣುತ್ತಿತ್ತು. ಆದರೆ ಸಂಕ್ರಾಂತಿಯ ನಂತರ ಶಾಲೆಯಲ್ಲಿ ನಡೆಯುವ ತಾಯಂದಿರ ಸಭೆಗೆ ಅವಳು ಬರುವ ಹಾಗಿರಲಿಲ್ಲ.

ಯಾಕೆಂದರೆ ಹೆಸರಿಗೆ ಅದು ತಾಯಂದಿರ ಸಭೆ, ಒಳಗೆ ಅರಿಶಿಣ-ಕುಂಕುಮ. ಶಾಲೆಯ ಬಾಗಿಲಲ್ಲೇ ಕುಂಕುಮದ ತಾಟು. ಗಂಡನಿದ್ದವರು ಹಚ್ಚಿಸಿಕೊಂಡು ಒಳಗೆ ಬರಬೇಕು, ಒಡಪಿನಲ್ಲಿ ಗಂಡನ ಹೆಸರು ಹೇಳಬೇಕು. ಬರೀ ಬಾಯಿಂದ ಗಂಡನ ಹೆಸರು ಎತ್ತದ ನಮ್ಮ ಹೆಂಗಸರು ಪ್ರಾಸ ಕಟ್ಟಿ ಹಾಡಿನಂತೆ ಹೇಳುವ ಆ ಎರಡು ಸಾಲಿಗೇ ಒಡಪು ಅನ್ನುವುದು. ಆಮೇಲೆ ಎಳ್ಳುಂಡೆ, ವಾಣ ಎಂದು ಒಂದು ಸಣ್ಣ ಉಡುಗೊರೆ. ವಿಧವೆಯರು ಬರುತ್ತಿರಲಿಲ್ಲ. ಮುಸ್ಲಿಮರಾದ ಬಾಗವಾನರ ಓಣಿಯ ತಾಯಂದಿರೂ ಬರುತ್ತಿರಲಿಲ್ಲ. ಬರಬೇಡಿರೆಂದು ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ.

ಆ ವರ್ಷದ ಸಭೆಯಲ್ಲಿ ಸುಂದರ ಅಕ್ಷರಕ್ಕೆ ನನಗೆ ಬಹುಮಾನ ಬಂತು. ತಾಯಿಯ ಜೊತೆ ಬಂದು ತೆಗೆದುಕೊಳ್ಳಬೇಕೆಂದು ಹೆಡ್‌ಮಾಸ್ತರರು ಕರೆದರು. ಕಾಕಿ ಎದ್ದು ಬಂದಳು. ಬಾಯಾರು ಬಹುಮಾನದ ಡಬ್ಬಿ ಹಿಡಿದು ನಿಂತಿದ್ದವರು ನನ್ನ ಕಿವಿಯಲ್ಲಿ ಕೇಳಿದರು.

"ಇಕಿ ನಿಮ್ಮವ್ವ ಏನ?"

"ಅಲ್ರಿ ಬಾಯಾರ, ಕಾಕಿ. ಅವ್ವ ಹಿಂದ ಅದಾಳ."

ಡಬ್ಬಿ ಕಾಕಿಯ ಕೈಗಿಟ್ಟು ಬಾಯಾರು ಹೊರಗೆ ಹೋದರು. ಸಭೆ ಮುಗಿಯುವ ತನಕ ಒಳಗೆ ಬರಲಿಲ್ಲ. ನಾನು ಹಿಂದಕ್ಕೆ ಓಡಿಹೋಗಿ ನೋಡಿದರೆ, ಒಲೆಯ ಮುಂದೆ ಅವ್ವನ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು.

ಮರುವರ್ಷ ಸಭೆಯ ಜವಾಬ್ದಾರಿಯನ್ನು ತಾವೇ ಕೇಳಿ ಪಡೆದರು. ಹೆಡ್‌ಮಾಸ್ತರರಿಗೂ ತಲೆನೋವು ತಪ್ಪಿತು. ಈ ಸಲ ಕುಂಕುಮದ ತಾಟು ಇಲ್ಲ, ಎಲ್ಲ ತಾಯಂದಿರೂ ಬರಬೇಕು ಎಂದು ನಮ್ಮ ಕೈಯಲ್ಲಿ ಹೇಳಿಕಳುಹಿಸಿದರು. ಸತರಂಜಿ ಹಾಸಿದೆವು, ಫಳಾರದ ತಟ್ಟೆ ಜೋಡಿಸಿದೆವು. ಬಂದವರು ಯಾರು? ಬಾಗವಾನರ ಓಣಿಯ, ನನ್ನ ವರ್ಗದ ಹಸೀನಾಳ ತಾಯಿ ಒಬ್ಬಳೇ. ಅವ್ವ ಅಡುಗೆಕೋಣೆಯ ಬಾಗಿಲಿನಿಂದ ಇಣುಕಿ ನೋಡಿ ಒಳಗೆ ಹೋದಳು.

ಸಂಜೆ ಕಾಕಿ ಬೀದಿಯಲ್ಲಿ ಸಿಕ್ಕಾಗ ಬಾಯಾರು ನೇರ ಕೇಳಿದರು. ಕಾಕಿಯೂ ನೇರ ಹೇಳಿದಳು.

"ಯಾಕ ಬರಬೇಕ್ರಿ? ನಿಮ್ಮ ಭಾಷಣ ಕೇಳಾಕ? ವರ್ಷಕ್ಕೊಮ್ಮಿ ಹೊಸಾ ಸೀರಿ ಉಟ್ಟ, ಅತ್ತಿನ ಕೇಳದ ಮನಿ ಬಿಟ್ಟ ಹೊರಗ ಬರೂ ದಿನಾ ಅದೊಂದ ಇತ್ತು. ಅದನ್ನೂ ಕಸಗೊಂಡ್ರಿ."

ಬಾಯಾರ ಮುಖ ಸಣ್ಣದಾಯಿತು. ಹಣೆ ಒರೆಸಿಕೊಂಡರು, ಇದ್ದ ಪಟ್ಟೆಯ ಮೇಲೆ ಇನ್ನೊಂದು ಪಟ್ಟೆ ಮೂಡಿತು.

"ಖರೆ ಹೇಳಿದಿರಿ ವೈನಿ. ತಪ್ಪು ನಂದೇ. ತಾಟ ತಗದೆ, ಆ ಜಾಗಾಕ್ಕ ಏನೂ ಇಡಲಿಲ್ಲ" ಎಂದರು.

ಧರ್ಮದ ಮೇಲೆ ದೊಡ್ಡ ದೊಡ್ಡ ಟೀಕೆ ಮಾಡುವವರನ್ನು ಆಮೇಲೆ ನಾನು ಬೇಕಾದಷ್ಟು ಕಂಡಿದ್ದೇನೆ. ಅವರ ಮಾತು ಒಪ್ಪುತ್ತೇನೆ ಕೂಡ. ಆದರೆ ಬೀದಿಯಲ್ಲಿ ನಿಂತು ಕಾಕಿಯಂಥವಳಿಗೆ ತಪ್ಪು ನನ್ನದು ಎಂದವರು ಬಾಯಾರೊಬ್ಬರೇ. ಅವತ್ತಿನಿಂದಲೇ ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಅನ್ನಿಸುತ್ತದೆ. ಅದಕ್ಕೆ ಮುಂಚೆ ಇದ್ದದ್ದು ಅಂಜಿಕೆ.

ಅದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ಬೇರೊಂದು ಮಾತು ನಡೆದಿತ್ತು. ನಮ್ಮ ಶಾಲೆ ಏಳನೆಯ ಇಯತ್ತೆಗೆ ಮುಗಿಯುತ್ತದೆ. ಮುಂದೆ ಓದಬೇಕೆಂದರೆ ಅಕ್ಕಲಕೋಟೆಯ ಹೈಸ್ಕೂಲು. ಹುಡುಗಿಯನ್ನು ದಿನಾ ಬಸ್ಸಿಗೆ ಹತ್ತಿಸುವುದು ಬೇಡ, ಕುಂಭಾರಿಯ ಸಂಬಂಧಿಕರು ಕೇಳುತ್ತಿದ್ದಾರೆ, ಮದುವೆಯ ಮಾತು ಮುಗಿಸಿಬಿಡೋಣ ಎಂದು ಕಾಕಾ ಹೇಳಿದ್ದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳನ್ನು ಯಾರೂ ಕೇಳಿರಲೇ ಇಲ್ಲ. ನಾನು ಬಾಯಾರ ಮುಂದೆ ಅತ್ತೆ. ಅವರು ಕಾಕಾನ ಹತ್ತಿರ ಹೋಗಿ ಮಾತಾಡಿ ಬರಿಗೈಯಲ್ಲಿ ಬಂದರು. "ನಮ್ಮ ಮನಿ ಮಾತು ನಮಗ ಬಿಡ್ರಿ ಬಾಯಾರ" ಎಂದು ಕಾಕಾ ಚಹಾ ಕುಡಿಸಿ ಕಳಿಸಿದ್ದ.

ಅರಿಶಿಣ-ಕುಂಕುಮದ ದಿನಗಳು ರಥಸಪ್ತಮಿಯ ತನಕ ಇರುತ್ತವೆ. ಅಷ್ಟರೊಳಗೆ ಬಾಯಾರು ಇನ್ನೊಂದು ಸಭೆ ಇಟ್ಟರು. ಈ ಸಲ ಹೇಳಿಕಳುಹಿಸಲಿಲ್ಲ, ಮನೆಮನೆಗೆ ತಾವೇ ಹೋದರು.

"ಹೊಸಾ ಸೀರಿ ಉಟ್ಟ ಬರ್ರಿ. ಎಳ್ಳುಂಡಿ ಐತಿ, ವಾಣ ಐತಿ, ಒಡಪಿನ ಸ್ಪರ್ಧಾ ಐತಿ. ಭಾಷಣ ಇಲ್ಲ."

ಅಂಗಳ ತುಂಬಿತು. ಮಲ್ಲಿಗೆ, ಹೊಸ ಸೀರೆಯ ಗಂಜಿ, ಎಳ್ಳು ಎಲ್ಲದರ ವಾಸನೆ ಕೂಡಿಕೊಂಡಿತ್ತು. ಬಾಗಿಲಲ್ಲಿ ಕುಂಕುಮದ ಬದಲು ವಾಣದ ಬುಟ್ಟಿ: ಬಂದವರಿಗೆಲ್ಲ ಚಹಾ ಸೋಸುವ ಒಂದೊಂದು ಗಾಳಣಿ. ಯಾರ ಹಣೆಯನ್ನೂ ನೋಡದೆ ಬಾಯಾರು ಕೈಗೆ ಕೊಡುತ್ತಿದ್ದರು. ಒಡಪಿಗೆ ಮಾತ್ರ ಒಂದು ಷರತ್ತು ಹಾಕಿದರು.

"ಇದು ತಾಯಂದಿರ ಸಭಾ. ಗಂಡನ ಹೆಸರ ಮನ್ಯಾಗ ಹೇಳ್ರಿ. ಇಲ್ಲಿ ನಿಮ್ಮ ಮಕ್ಕಳ ಹೆಸರಿನ ಒಡಪು ಆಗಬೇಕ."

ಮೊದಲು ಎದ್ದವಳು ಕಾಕಿ. ರೂಢಿಯ ಬಲ ನೋಡಿ, ಷರತ್ತು ಕೇಳಿಯೂ ಬಾಯಿಂದ ಬಂದದ್ದು ಹಳೆಯದೇ, ಗಂಡನ ಹೆಸರಿನದು:

"ಹಿತ್ತಾಳಿ ತಾಟಿನ್ಯಾಗ ಹುಗ್ಗಿ, ಮ್ಯಾಲ ತುಪ್ಪದ ಧಾರಿ,
ಬೀರಪ್ಪ ರಾಯರು ಹೊಂಟ್ರಂದ್ರ ಕುರಿ ಬಿಡತಾವ ದಾರಿ!"

ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ಕಾಕಿ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಹಸೀನಾಳ ತಾಯಿ ಎದ್ದಳು. ಹುಟ್ಟಿದಾಗಿನಿಂದ ಅದೇ ಊರಲ್ಲಿದ್ದರೂ ಒಡಪು ಹೇಳಿದವಳಲ್ಲ. ಸೆರಗಿನ ತುದಿ ಬಾಯಲ್ಲಿ ಹಿಡಿದುಕೊಂಡೇ ಹೇಳಿದಳು:

"ಸೊಲ್ಲಾಪುರದ ಚಾದರಕ್ಕ ಕೆಂಪನ್ನ ಅಂಚ,
ನನ್ನ ಮಗಳು ಹಸೀನಾ ಲೆಕ್ಕದಾಗ ಹೆಚ್ಚ!"

ಚಪ್ಪಾಳೆ ಬಿತ್ತು. ಆ ಗದ್ದಲದಲ್ಲೇ ಬಾಯಾರು ಅಡುಗೆಕೋಣೆಗೆ ಹೋಗಿ ಅವ್ವನ ಮುಂದೆ ನಿಂತರು. ಏನು ಹೇಳಿದರೋ ಗೊತ್ತಿಲ್ಲ. ಅವ್ವ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಹಳೆಯ ಸೀರೆ, ಬೋಳು ಹಣೆ, ಬೋಳು ಕೈ. ನಗು ನಿಂತುಹೋಯಿತು. ಅಪ್ಪ ತೀರಿದ ಮೇಲೆ ಅವಳು ಹೆಂಗಸರ ನಡುವೆ ಹೀಗೆ ನಿಂತದ್ದೇ ಇಲ್ಲ. ನೆಲ ನೋಡುತ್ತ ನಿಂತವಳು ಒಮ್ಮೆ ನನ್ನನ್ನು ನೋಡಿ, ತಲೆ ಎತ್ತಿ, ಒಂದೇ ಉಸಿರಿನಲ್ಲಿ ಹೇಳಿದಳು:

"ಅಕ್ಕಲಕೋಟ ಹಾದಿಗೆ ಬೇವಿನ ಗಿಡದ ಸಾಲ,
ನನ್ನ ಮಗಳು ಸವಿತಾ ಹೋಗತಾಳ ಹೈಸ್ಕೂಲ!"

ಮನೆಯಲ್ಲಿ ಯಾರೂ ಕೇಳದಿದ್ದ ಮಾತನ್ನು ಅವ್ವ ಇಡೀ ಊರಿನ ಹೆಂಗಸರ ಮುಂದೆ ಹೇಳಿಬಿಟ್ಟಿದ್ದಳು. ಯಾರೋ ಮುದುಕಿ "ಭಲೇ!" ಎಂದಳು. ಕಾಕಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ರಾತ್ರಿ ಊಟಕ್ಕೆ ಕೂತಾಗ ಕಾಕಾನಿಗೆ ಸುದ್ದಿ ಮುಟ್ಟಿಸಿದವಳೂ ಅವಳೇ.

"ಒಡಪಿನ್ಯಾಗ ಹೇಳ್ಯಾಳ, ಮತ್ತ. ಒಡಪಿನ್ಯಾಗ ಬಂದ ಹೆಸರ ಹುಸಿ ಮಾಡಿದ್ರ ಮನಿಗಿ ಛಲೋ ಆಗಾಂಗಿಲ್ಲ. ನೋಡ್ರಿ ನಿಮ್ಮ ವಿಚಾರ."

ಅಂಥದೊಂದು ನಂಬಿಕೆ ನಮ್ಮಲ್ಲಿ ನಿಜವಾಗಿ ಇತ್ತೋ, ಕಾಕಿ ಅಲ್ಲೇ ಹುಟ್ಟಿಸಿದಳೋ ಇವತ್ತಿಗೂ ಗೊತ್ತಿಲ್ಲ. ಕಾಕಾ ಗೊಣಗಿದ, ಎರಡು ದಿನ ಮಾತು ಬಿಟ್ಟ. ಜೂನಿನಲ್ಲಿ ನನ್ನನ್ನು ಅಕ್ಕಲಕೋಟೆಯ ಬಸ್ಸಿಗೆ ಹತ್ತಿಸಿದವನು ಅವನೇ. "ನಿಮ್ಮವ್ವ ಊರ ಮುಂದ ಹೇಳಿಬಿಟ್ಟಾಳ, ನಾ ಏನ ಮಾಡ್ಲಿ" ಎಂದು ಕಂಡಕ್ಟರನಿಗೂ ಹೇಳಿದ. ಈ ಕಥೆ ಕೇಳಿ ಬಾಯಾರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಮೂಢನಂಬಿಕಿ ಒಮ್ಮೆರೆ ನಮ್ಮ ಕಡೀ ಬಂತಲ್ಲ ಸವಿತಾ!"

ಅವ್ವ ತನ್ನ ದೇವರನ್ನೇನೂ ಬಿಡಲಿಲ್ಲ. ಸೋಮವಾರದ ಉಪವಾಸ, ಮನೆದೇವರು ಬೀರೋಬಾನ ಭಂಡಾರದ ಅರಿಶಿಣ ಎಲ್ಲ ಹಾಗೆಯೇ ಇದೆ. ಬಾಯಾರು ಬಿಡು ಎಂದೂ ಹೇಳಲಿಲ್ಲ. ನಾನು ಕಾಲೇಜಿಗೆ ಹೋದ ಹೊಸತರಲ್ಲಿ ಅವ್ವನ ಭಂಡಾರದ ಬಗ್ಗೆ ಜಾಣತನ ತೋರಿಸಿ ಮಾತಾಡಿದ್ದಕ್ಕೆ ನನ್ನನ್ನೇ ಗದರಿದ್ದರು. "ಮನ್ಯಾಗಿನ ಭಂಡಾರ ಯಾರನ್ನ ಹೊರಗ ನಿಂದ್ರಿಸೇದ? ಸಾಲಿ ಬಾಗಿಲದಾಗ ಇಟ್ಟ ತಾಟಿನ ಜೋಡಿ ಜಗಳಾ ಆಡು" ಎಂದಿದ್ದರು. ನಾನೀಗ ಅಕ್ಕಲಕೋಟೆಯಲ್ಲಿ ಶಿಕ್ಷಕಿ. ಆ ಜಗಳ ಪ್ರತಿ ಜನವರಿಯಲ್ಲೂ ಇರುತ್ತದೆ, ಕೆಲವು ವರ್ಷ ಸೋಲುತ್ತೇನೆ.

ಹೋದ ವರ್ಷ ಬಾಯಾರು ತೀರಿಕೊಂಡರು. ಅವ್ವ ಮತ್ತು ನಾನು ಸೊಲ್ಲಾಪುರದ ಅವರ ಮನೆ ಮುಟ್ಟಿದಾಗ ಬಂಧು ಹೆಂಗಸರು ಹಸಿರು ಸೀರೆ, ಹಸಿರು ಬಳೆ, ಕುಂಕುಮದ ತಾಟು ಜೋಡಿಸಿಕೊಂಡು ನಿಂತಿದ್ದರು. ಮುತ್ತೈದೆಯ ಸಾವು, ಹಣೆತುಂಬ ಕುಂಕುಮ ಹಚ್ಚಿ ಕಳಿಸಬೇಕು. ಹಣೆಗೆ ಗಂಧ ಹಚ್ಚಿಕೊಂಡು ಕೂತಿದ್ದ ಬಾಯಾರ ಗಂಡ ಅಡ್ಡಬಂದರು.

"ಜೀವಂತ ಇದ್ದಾಗ ಹಚ್ಚಿಕೊಳ್ಳಲಿಲ್ಲ ಆಕಿ. ಈಗ ಬ್ಯಾಡ ಅನ್ನಾಕ ಬರಾಂಗಿಲ್ಲಂತ ಹಚ್ಚಬ್ಯಾಡ್ರಿ."

"ಹಂಗಾರ ಬರೀ ಹಣೀಲೆ ಕಳಸೂದ?" ಎಂದು ತಾಟು ಹಿಡಿದವಳು ಕೇಳಿದಳು. ತಾಟು ಹಿಂದೆ ಸರಿದಿತ್ತು, ಆ ಜಾಗದಲ್ಲಿ ಏನೂ ಇರಲಿಲ್ಲ. ನನಗೆ ನಮ್ಮ ಶಾಲೆಯ ಖಾಲಿ ಸತರಂಜಿ ನೆನಪಾಯಿತು.

ಆಗ ಗೋಡೆಗೆ ಆತು ನಿಂತಿದ್ದ ಅವ್ವ ಮುಂದೆ ಬಂದಳು. ಬಾಯಾರ ಹಣೆಯ ಮೇಲೆ, ಎಡಹುಬ್ಬಿನಿಂದ ಕೂದಲ ತನಕ, ಬರಿಗೈಯಿಂದ ಒಮ್ಮೆ ಸವರಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಕರೀ ಹಲಿಗಿ ಮ್ಯಾಲ ಬಿಳೀ ಖಡುವಿನ ಗೆರಿ,
ನಮ್ಮ ಬಾಯಾರ ಹೆಸರ ಹೇಳತೀನಿ, ಎಲ್ಲಾರೂ ಕೇಳ್ರಿ!"

ಹೇಳಿ, ಬಾಯಾರ ಹೆಸರನ್ನು ಹೇಳಿದಳು. ಗಂಡನ ಹೆಸರು, ಮನೆತನದ ಹೆಸರು ಯಾವುದೂ ಇಲ್ಲ, ಬರೀ ಅವರ ಹೆಸರು. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ, ಅವರ ಮುಂದೆ ಒಮ್ಮೆಯೂ ಬಾಯಿಬಿಟ್ಟು ಅಂದವಳಲ್ಲ ನಾನು. ತಾಟು ಹಿಡಿದಿದ್ದ ಹೆಂಗಸು ಅದನ್ನು ಕೆಳಗಿಟ್ಟು, ಕಣ್ಣೊರೆಸಿಕೊಂಡು, ತನಗೆ ಬಂದ ಹಾಗೆ ತಾನೂ ಎರಡು ಸಾಲು ಕಟ್ಟಿ ಅದೇ ಹೆಸರನ್ನು ಹೇಳಿದಳು.