ಬಲಗಿವಿಗೆ ಬಿದ್ದ ಉತ್ತರ

ಟೈಪಿಸ್ಟಕ್ಕನಿಗೆ ಆರು ದಿನದ ಕೂಲಿ ಇನ್ನೂ ಬಂದಿಲ್ಲ. ಯಾರೂ ಹೇಳದೆ ಮಾಡಿದ ಕೆಲಸಕ್ಕೆ ದುಡ್ಡಿಲ್ಲ ಅಂದಿದ್ದಾರೆ ವಿಚಾರಣಾ ಕಚೇರಿಯ ಮೇಲ್ವಿಚಾರಕರು. ಆ ಕೆಲಸ ಯಾಕೆ ಬೇಕಾಯಿತೆಂದು ಕೇಳಿದರೆ ನಿಮಗೂ ಹೇಸಿಗೆಯಾಗುತ್ತದೆ.

ಕಾರ್ಖಾನೆಯವರು ಕೆಲಸಗಾರನ ಮೇಲೆ ಆರೋಪ ಹೊರಿಸಿದಾಗ ವಿಚಾರಣೆ ನಡೆಯುವುದು ಆ ಕಚೇರಿಯಲ್ಲಿ. ಮೇಜಿನ ಮೇಲೆ ಎರಡು ಮೈಕು, ಒಂದು ಪ್ರಶ್ನೆ ಕೇಳುವ ಸಾಹೇಬರಿಗೆ, ಇನ್ನೊಂದು ಕೆಲಸಗಾರನಿಗೆ. ಆ ರೆಕಾರ್ಡಿಂಗನ್ನು ಹೆಡ್‌ಫೋನಿನಲ್ಲಿ ಕೇಳಿ ಅಕ್ಷರಕ್ಕಿಳಿಸುವವಳು ಟೈಪಿಸ್ಟಕ್ಕ. ಐವತ್ತೆರಡರ ಹೆಂಗಸು, ಬೆರಳು ಚುರುಕು, ಬಾಯಿ ಕಮ್ಮಿ. ಕೂರಲು ಕಕ್ಕಸಿಗೆ ಅಂಟಿಕೊಂಡ ಕೋಣೆ, ಹಗ್ಗದಲ್ಲಿ ಬಿಗಿದ ಕುರ್ಚಿ.

ನಾಲ್ಕು ತಿಂಗಳ ಹಿಂದೆ ಅವಳ ಕಂಪ್ಯೂಟರ್ ಬದಲಾಯಿತು. ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದ ಹಳೆಯ ಡಬ್ಬ ಬಂತು. ಅಂದಿನಿಂದ ಸಾಹೇಬರ ಪ್ರಶ್ನೆ ಸ್ಪಷ್ಟ, ಉತ್ತರ ಮಾತ್ರ ಗೋಡೆಯಾಚೆಯ ಗೊಣಗಾಟ. ಪರದೆಯ ಮೂಲೆಯ ವಾಲ್ಯೂಮ್ ಪಟ್ಟಿಯನ್ನು ನೂರಕ್ಕೆ ಎಳೆದಳು. ಸಾಹೇಬರ ದನಿ ಕಿವಿ ಹರಿಯಿತೇ ಹೊರತು ಉತ್ತರ ಬರಲಿಲ್ಲ. "ಕೇಳಿಸಲಿಲ್ಲ" ಎಂದು ಪ್ರಾಮಾಣಿಕವಾಗಿ ಟೈಪ್ ಮಾಡಿದಳು. ಮೇಲ್ವಿಚಾರಕರು ಮೂಗು ಮುರಿದರು.

"ಅದೇನಮ್ಮ, ಸಾಲಿಗೊಂದು ಕೇಳಿಸಲಿಲ್ಲ? ಕಚೇರಿಗೇ ಕಿವುಡು ಅಂತ ನಗ್ತಾರೆ. ಉತ್ತರ ಕೊಡಲಿಲ್ಲ ಅಂತ ಹಾಕು."

ಹಾಕಿದಳು. ಆ ನಾಲ್ಕು ತಿಂಗಳಲ್ಲಿ ಬಂದ ಹದಿನಾಲ್ಕು ವಿಚಾರಣೆಗಳಿಗೂ ಹಾಕಿದಳು. ಅವಳ ತಪ್ಪನ್ನು ತೊಳೆಯಲು ಇದನ್ನು ಬರೆಯುತ್ತಿಲ್ಲ.

ಆ ಹದಿನಾಲ್ಕರಲ್ಲಿ ಒಬ್ಬ ಅವಳ ಬೀದಿಯ ಬಾಯ್ಲರ್ ಕೆಲಸದವನು. ವಾಲ್ವ್ ಕೆಟ್ಟು ಬಾಯ್ಲರ್ ಹಾಳಾಗಿದ್ದು ಇವನಿಂದಲೇ ಎಂದು ಕೆಲಸದಿಂದ ತೆಗೆದಿದ್ದರು. ಅಂಗಡಿಯ ಸಾಲಿನಲ್ಲಿ ಅವಳನ್ನು ಹಿಡಿದು ನಿಲ್ಲಿಸಿದ.

"ಅಕ್ಕಾ, ನೀವೇ ಅಂತೆ ಟೈಪ್ ಮಾಡಿದ್ದು. ಗಂಟೆಗಟ್ಟಲೆ ಬಡ್ಕೊಂಡೆ. ಒಂದು ಮಾತೂ ಇಲ್ವಲ್ಲ ಅದರಲ್ಲಿ?"

ಬಲಗಿವಿಗೆ ಏನೂ ಬರುತ್ತಿಲ್ಲ, ಹೆಡ್‌ಫೋನೇ ಕೆಟ್ಟಿರಬೇಕು ಎಂದು ಮರುದಿನ ಅದನ್ನು ತನ್ನ ಭಾವನಿಗೆ ಒಯ್ದು ತೋರಿಸಿದಳು. ಸಭೆಗಳಿಗೆ ಮೈಕ್ ಸೆಟ್ ಹಾಕುವವನು. ತನ್ನ ಪೆಟ್ಟಿಗೆಗೆ ಚುಚ್ಚಿ ನೋಡಿದ, ಎರಡೂ ಕಡೆ ಹಾಡು ಗಂಟಲು ಹರಿದುಕೊಂಡಿತು.

"ಇದು ಸರಿಯಾಗೇ ಇದೆ ಕಣಮ್ಮ. ನಿಮ್ಮ ಆಫೀಸಿಗೇ ಒಂದು ಕಿವಿ ಇಲ್ಲ," ಎಂದು ನಕ್ಕ. ಆಮೇಲೆ ಬಿಡಿಸಿ ಹೇಳಿದ: ಮೇಲೆ ಕಾಣುವ ಗುಂಡಿ ಒಂದೇ ಆದರೂ ಒಳಗೆ ಒಂದೊಂದು ತಂತಿಗೂ ಒಂದೊಂದು ಗುಂಡಿ ಇರುತ್ತದೆ, ಒಳಗಿನದು ಮುಚ್ಚಿದ್ದರೆ ಮೇಲಿನದನ್ನು ಎಷ್ಟು ತಿರುಗಿಸಿದರೂ ಉಹೂಂ.

ಊಟದ ಬಿಡುವಿನಲ್ಲಿ ಅವಳು ಕಂಪ್ಯೂಟರಿಗೆ ಆಜ್ಞೆ ಕೊಡುವ ಕಪ್ಪು ಪರದೆ ತೆರೆದು, ಇಂಟರ್ನೆಟ್ಟಿನ ಸಹಾಯಪುಟದಲ್ಲಿ ಕಂಡಂತೆ, ಒಳಗಿನ ದನಿಗುಂಡಿಗಳನ್ನು ತೋರಿಸುವ ಅಲ್ಸಾಮಿಕ್ಸರ್ ಎಂಬ ಹೆಸರು ಹೊಡೆದಳು. ಮೊದಲು ಒಂದೇ ಪಟ್ಟಿ, ನೂರಕ್ಕೆ ನೂರು. ಎಫ್ ಆರು ಒತ್ತಿ ನಿಜವಾದ ಸೌಂಡ್ ಕಾರ್ಡನ್ನು ಆರಿಸಿದಾಗ ಸಾಲಾಗಿ ಪಟ್ಟಿಗಳು: ಮಾಸ್ಟರ್, ಸ್ಪೀಕರ್, ಹೆಡ್‌ಫೋನ್. ಬುಡದಲ್ಲಿ ಎರಡೆರಡು ಅಕ್ಷರ, ಓ ಅಂದರೆ ತೆರೆದಿದೆ, ಎಂ ಅಂದರೆ ಬಾಯಿ ಮುಚ್ಚಿದೆ. ಹೆಡ್‌ಫೋನಿನ ಬುಡದಲ್ಲಿ ಎಡಕ್ಕೆ ಓ, ಬಲಕ್ಕೆ ಎಂ. ಬಲಗಡೆ ಗರಗರ ಅಂತಿತ್ತೆಂದು ಹಿಂದೆ ಆ ಡಬ್ಬ ಬಳಸಿದವನು ಯಾರೋ ಮುಚ್ಚಿಟ್ಟಿದ್ದ. ರೆಕಾರ್ಡಿಂಗಿನಲ್ಲಿ ಸಾಹೇಬರ ಮೈಕು ಎಡಗಡೆ, ಕೆಲಸಗಾರನದು ಬಲಗಡೆ; ಇಷ್ಟು ದಿನ ಬಂದ ಗೊಣಗಾಟ ಸಾಹೇಬರ ಮೈಕಿಗೆ ದೂರದಿಂದ ಬಿದ್ದದ್ದು.

ಒಂದು ಕೀಲಿ ಒತ್ತಿ ತೆರೆದಳು. ಬಾಯ್ಲರಿನವನ ವಿಚಾರಣೆ ಹಾಕಿದಳು.

"ಮೂರು ಸಲ ಬರೆದು ಕೊಟ್ಟಿದ್ದೀನಿ ಸ್ವಾಮಿ, ವಾಲ್ವ್ ಹಿಡ್ಕೊಳ್ತಿದೆ ಅಂತ. ನಕಲು ಇಲ್ಲೇ ಇದೆ, ನೋಡಿ," ಎಂದಿತು ಬಲಗಿವಿ. ಎಡಗಿವಿಯಲ್ಲಿ ಸಾಹೇಬರು ಸೊರ್ರನೆ ಚಹಾ ಹೀರುತ್ತಿದ್ದರು.

ಹೆಡ್‌ಫೋನ್ ಕಿತ್ತಿಟ್ಟು, ಪಕ್ಕದ ಕಕ್ಕಸಿಗೆ ಹೋಗಿ ಉಗಿದು ಬಂದಳು.

ಆರು ದಿನ ಕೂತು ಹದಿನಾಲ್ಕನ್ನೂ ಮತ್ತೆ ಟೈಪ್ ಮಾಡಿದಳು. ಮೇಲ್ವಿಚಾರಕರು ಅವನ್ನು ಮುಟ್ಟಲಿಲ್ಲ. ಸಹಿ ಆದ ಕಡತವನ್ನು ಯಾಕಮ್ಮ ಕೆರೀತೀಯ ಅಂದರು.

ಯಂತ್ರಕ್ಕೆ ಒಂದು ಕಡೆ ಮುಚ್ಚಿತ್ತು, ಒಪ್ಪೋಣ. ಎದುರಿಗೇ ಕೂತು, ಎರಡೂ ಕಿವಿಯಿಂದ ಕೇಳಿ, ಉತ್ತರ ಕೊಡಲಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಿದ ಸಾಹೇಬರಿಗೆ ಏನು ಮುಚ್ಚಿತ್ತು? ಥೂ.

ಬುಧವಾರ ಹನ್ನೊಂದು ಗಂಟೆಗೆ ಅದೇ ಕಚೇರಿಯಲ್ಲಿ ಬಾಯ್ಲರಿನವನ ಮೇಲ್ಮನವಿ. ಸ್ಪೀಕರ್ ಪೆಟ್ಟಿಗೆಯನ್ನು ಅವಳ ಭಾವ ಹೊತ್ತು ತರುತ್ತಾನೆ. ನೀವೂ ಬನ್ನಿ. "ಕಾಗದ ಓದಬೇಡಿ, ರೆಕಾರ್ಡಿಂಗ್ ಹಾಕಿ, ಎರಡೂ ಕಡೆ ತೆರೆದು ಹಾಕಿ" ಎಂದು ಅಲ್ಲಿ ಕೂತವರನ್ನು ಕೇಳಿ. ಹಾಕುವ ತನಕ ಎದ್ದು ಹೋಗಬೇಡಿ.