ಪ್ರಶ್ನೆಯಮ್ಮನ ನಲವತ್ಮೂರನೇ ಪುಟ

"ನಾನು ಬರೆದದ್ದರಿಂದ ಬಾಗಿಲು ತೆರೆದದ್ದುಂಟು, ಮುಚ್ಚಿದ್ದಿಲ್ಲ" ಎಂದು ಪ್ರಶ್ನೆಯಮ್ಮ ಹೇಳದ ದಿನವಿಲ್ಲ. ಕೇಳಿ ಕೇಳಿ ಅವಳ ಗಂಡನ ಕಿವಿ ಎಷ್ಟು ಸವೆದಿತ್ತೆಂದರೆ ಕನ್ನಡಕ ನಿಲ್ಲುತ್ತಿರಲಿಲ್ಲ.

ಹೊಳೆಯ ಈಚೆ ಒಂದು ದೇಶ, ಆಚೆ ಇನ್ನೊಂದು. ನಡುವೆ ಕಾಲುಸೇತುವೆ, ಅದಕ್ಕೊಂದು ಕಬ್ಬಿಣದ ಗೇಟು. ಎರಡೂ ದಡದವರು ಒಬ್ಬರಿಗೊಬ್ಬರು ಯಾವ ಕಷ್ಟಕ್ಕೆ ಆಗುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳಿ ವರದಿ ಬರೆಯುವುದು, ಇನ್ನಷ್ಟು ಕೂಡಿ ಬಾಳುವಂತೆ ಹುರಿದುಂಬಿಸುವುದು ಅವಳ ಕೆಲಸ. ಹಾಲು ತರಲು ಹೋದವಳು ಹಸು ಯಾವ ಮಗ್ಗುಲಿಗೆ ಮಲಗುತ್ತದೆ ಎಂಬುದನ್ನೂ ತಿಳಿದು ಬರುತ್ತಿದ್ದಳು. "ಯಾರೋ", "ಯಾವಾಗಲೋ" ಎಂಬ ಮಾತು ಅವಳ ವರದಿಯಲ್ಲಿ ದುರ್ಬೀನು ಹಾಕಿದರೂ ಸಿಗದು.

ಅದೇ ಎಡವಟ್ಟಾಯಿತು.

ಈಚೆಯ ಮುನ್ನೂರು ಮನೆಗೆ ನೀರು ಕೊಡುವ ಪಂಪು ಒಂದೇ. ಅದು ಕೆಟ್ಟಾಗಲೆಲ್ಲ ಆಚೆ ದಡದ ಮೋಟಾರಣ್ಣ ಹತಾರದ ಚೀಲ ಹೆಗಲಿಗೇರಿಸಿ ಸೇತುವೆ ದಾಟಿ ಬರುತ್ತಿದ್ದ. ಅವನ ಬಳಿ ಕಾಗದವಿಲ್ಲ, ಪತ್ರವಿಲ್ಲ. ಅವನು ದಾಟುವಷ್ಟು ಹೊತ್ತು ಗೇಟಿನ ಕಾವಲುಗಾರ ಆಕಾಶದಲ್ಲಿ ಹಗಲು ನಕ್ಷತ್ರ ಎಣಿಸುತ್ತಿದ್ದ. ಹನ್ನೆರಡು ವರ್ಷ ಹೀಗೇ ನಡೆದಿತ್ತು. ಪ್ರಶ್ನೆಯಮ್ಮ ಇದನ್ನು ವರದಿಯ ನಲವತ್ಮೂರನೇ ಪುಟದಲ್ಲಿ ದಿನ, ಗಂಟೆ, ಫೋಟೋ ಸಮೇತ ಕೊಂಡಾಡಿದಳು. ವರದಿ ಕಳಿಸಿಯಾದ ಮೇಲೆ ಫೋಟೋ ತೋರಿಸಿದಾಗ ಮೋಟಾರಣ್ಣ, "ತಂಗೀ, ನನ್ನ ಮೂಗು ಇಷ್ಟು ದಪ್ಪ ಇದೆಯಾ?" ಎಂದು ಹಿಗ್ಗಿದ್ದ.

ವರದಿಯೊಂದನ್ನು ಕೊನೆತನಕ ಓದಿದ ಅಧಿಕಾರಿ ಭೂಮಿಯ ಮೇಲೆ ಒಬ್ಬನೇ ಇದ್ದ. ಅವನೇ ಗೇಟಿನ ಹೊಸ ಅಧಿಕಾರಿಯಾಗಿ ಬಂದ. ವಾರದೊಳಗೆ ಆನೆಮರಿಯಷ್ಟು ದೊಡ್ಡ ಬೀಗ ಬಿತ್ತು. ಕಾವಲುಗಾರನ ಕೆಲಸ ಹೋಯಿತು. ಆಚೆಯ ಪೊಲೀಸರು ಮೋಟಾರಣ್ಣನನ್ನು ಠಾಣೆಯ ಬೆಂಚಿನ ಮೇಲೆ ಮೂರು ದಿನ ಕೂರಿಸಿದರು.

ಒಂಬತ್ತನೇ ದಿನ ಪಂಪು ಕಿರುಚಿ ನಿಂತಿತು. ಪ್ರಶ್ನೆಯಮ್ಮನ ಬಾಗಿಲ ಮುಂದೆ ಖಾಲಿ ಕೊಡಗಳ ಸಾಲು.

"ಬರೆದು ಬಾಗಿಲು ತೆರೆಯೋಳು ಎಲ್ಲಿ?" ಎಂದಳು ಪಕ್ಕದ ಮನೆಯಾಕೆ. ಎಲ್ಲಕ್ಕೂ ನಗುವ ಗಂಡ ಕೂಡ ನಗಲಿಲ್ಲ. ಪ್ರಶ್ನೆಯಮ್ಮನಿಗೆ ಅದೇ ಹೆಚ್ಚು ಚುಚ್ಚಿತು.

ಮೋಟಾರಣ್ಣನನ್ನು ಕರೆಸಲು ಪರವಾನಗಿ ಕೇಳಿದಳು. ನಾಲ್ಕು ತಿಂಗಳು ಅಂದರು. ಗೇಟಿನ ಬಳಿ ನಿಂತು ಕೂಗಿದಳು. ಮೋಟಾರಣ್ಣ ಎರಡು ದಿನ ಅತ್ತ ಸುಳಿಯಲಿಲ್ಲ. ಮೂರನೇ ದಿನ ಬಂದು ಹತ್ತು ಹೆಜ್ಜೆ ದೂರ ನಿಂತ.

"ನನ್ನ ಬೈದಿದ್ರೆ ಬದುಕಿರ್ತಿದ್ದೆ ತಂಗೀ. ಹೊಗಳಿ ಹಾಳು ಮಾಡಿದೆ."

"ತಪ್ಪಾಯ್ತು ಅಣ್ಣಾ."

"ಕಳಿಸೋ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಊರೆಲ್ಲ ಕೇಳ್ತೀಯ."

ಅವನು ಹೊಳೆ ನೋಡಿದ, ಅವಳ ಹಿಂದೆ ಸಾಲುಗಟ್ಟಿದ ಕೊಡಗಳನ್ನು ನೋಡಿದ.

"ಪಂಪು ಬಿಚ್ಚಿ ಇಲ್ಲಿಗೇ ತಾ. ನಾನು ದಾಟಲ್ಲ."

ಗಂಡ ಕೈಗಾಡಿಯಲ್ಲಿ ಪಂಪು ತಂದು ಗೇಟಿಗೆ ಒತ್ತಿ ನಿಲ್ಲಿಸಿದ. ಮೋಟಾರಣ್ಣ ಆಚೆ ಮಂಡಿಯೂರಿ, ಸರಳುಗಳ ನಡುವೆ ಎರಡೂ ಕೈ ತೂರಿಸಿದ. ಅವನು ಹೇಳಿದಂತೆ ಪ್ರಶ್ನೆಯಮ್ಮ ಹಿಡಿದಳು, ತಿರುಗಿಸಿದಳು, ಬೈಸಿಕೊಂಡಳು. "ಅದು ಸ್ಪ್ಯಾನರು, ಪೆನ್ನಲ್ಲ, ಒತ್ತಿ ಹಿಡಿ!" ಸವೆದು ಕಚ್ಚಿಕೊಂಡಿದ್ದ ಹಳೆಯ ಬೇರಿಂಗ್ ಕೀಳಲು ಮೂರು ಗಂಟೆ ಹಿಡಿಯಿತು. ಸರಳಿಗೆ ಉಜ್ಜಿ ಅವನ ಮೊಣಕೈಯಿಂದ ರಕ್ತ ಬರುತ್ತಿತ್ತು. ಅವಳು ಸೆರಗಿನ ತುದಿ ಹರಿದು ಕಟ್ಟಲು ಹೋದರೆ, "ಮೊದಲು ಬೇರಿಂಗ್" ಅಂದ. ಅವಳ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಹೊಸ ಬೇರಿಂಗ್ ಅರ್ಧ ಒಳಗೆ ಹೋಗಿತ್ತು. ಅಷ್ಟರಲ್ಲಿ ಬೂಟಿನ ಸದ್ದು. ಗೇಟಿನ ಅಧಿಕಾರಿ.

"ಏನಿದು? ನಿಲ್ಲಿಸಿ!"

"ಮನುಷ್ಯ ಆಚೇನೇ ಇದ್ದಾನೆ ಸಾರ್" ಎಂದ ಗಂಡ. "ಕೈ ಮಾತ್ರ ಬಂದಿದೆ."

"ಕೈಗೂ ಪರವಾನಗಿ ಬೇಕು."

ಮೋಟಾರಣ್ಣನ ಕೈ ಹಿಂದೆ ಸರಿಯಿತು. ಪ್ರಶ್ನೆಯಮ್ಮ ಅದನ್ನು ಗಟ್ಟಿಯಾಗಿ ಹಿಡಿದು ಮತ್ತೆ ಬೇರಿಂಗಿನ ಮೇಲಿಟ್ಟಳು. ಕೊಡ ಹಿಡಿದ ಹೆಂಗಸರು ಒಬ್ಬೊಬ್ಬರಾಗಿ ಹತ್ತಿರ ಬಂದು ನಿಂತರು. ಅಧಿಕಾರಿ ಅವರನ್ನು ನೋಡಿ ದನಿ ತಗ್ಗಿಸಿದ.

"ಇದನ್ನೂ ವರದೀಲಿ ಬರೀತೀರೇನಮ್ಮ?"

"ಇಲ್ಲ ಸಾರ್" ಎಂದಳು ಅವಳು, ಕೈ ಬಿಡದೆ. "ಕೆಲಸ ಮಾಡೋರ ಬಗ್ಗೆ ಬರೆಯೋದು ಬಿಟ್ಟೆ. ಇನ್ನು ಕೆಲಸ ನಿಲ್ಲಿಸೋರ ಬಗ್ಗೆ ಬರೀತೀನಿ. ನೀವೇ ನಡ್ಕೊಂಡು ಬಂದಿದ್ದು ಒಳ್ಳೇದಾಯ್ತು, ಮೊದಲನೇ ಪುಟಕ್ಕೆ ಇನ್ನೂ ಒಬ್ಬರೂ ಸಿಕ್ಕಿರಲಿಲ್ಲ."